ಕಾಲು ಪಾಲಿನ ಕುದುರೆ: ಎಳೆಯ ಫಿಲ್ಲಿಯೊಂದನ್ನು ಅಳೆಯಲು ಹಿಡಿದ ಹದಿನೆಂಟು ತಿಂಗಳು

ಬ್ಯಾಂಕಿನ ಕೆಲಸದಿಂದ ನಿವೃತ್ತನಾದ ಮರುವರ್ಷ, ಅಂದರೆ ಕಳೆದ ವರ್ಷದ ಫೆಬ್ರವರಿಯಲ್ಲಿ, ಮೂವರು ಗೆಳೆಯರ ಜೊತೆ ಸೇರಿ ನಾನೊಂದು ಫಿಲ್ಲಿಯನ್ನು, ಅಂದರೆ ಎಳೆಯ ಹೆಣ್ಣು ರೇಸ್ ಕುದುರೆಯನ್ನು, ಕೊಂಡೆ. ನಾಲ್ವರಿಗೂ ಸಮಪಾಲು, ಆದ್ದರಿಂದ ನನ್ನದು ಕಾಲು ಪಾಲು. ಯಾವ ಕಾಲು ಎಂದು ಮನೆಯಾಕೆ ಅಂದು ತಮಾಷೆಗೆ ಕೇಳಿದ್ದಳು. ನವೆಂಬರಿನಲ್ಲಿ ಊದಿಕೊಂಡ ಎಡ ಮುಂಗಾಲೇ ಇರಬೇಕು ಎಂದು ಈಗ ಉತ್ತರ ಹೇಳಬಲ್ಲೆ. ಈ ಮರಿ ಓಡುತ್ತದೆಯೇ, ಓಡಿದರೆ ಎಷ್ಟು ದೂರ, ಎಂಥ ಕುದುರೆಗಳ ಎದುರು ಎಂಬುದನ್ನು ತಿಳಿಯುವುದಕ್ಕೆ ನಮಗೆ ಹದಿನೆಂಟು ತಿಂಗಳು ಬೇಕಾದವು. ಅಷ್ಟು ತಡವಾಗುತ್ತದೆ ಎಂದು ಮೊದಲೇ ಯಾರಾದರೂ ಕೂರಿಸಿಕೊಂಡು ಹೇಳಿದ್ದರೆ ಎಷ್ಟೋ ರಾತ್ರಿಗಳ ನಿದ್ದೆ ಉಳಿಯುತ್ತಿತ್ತು. ಇದೇ ದಾರಿ ಹಿಡಿಯಬೇಕೆಂದಿರುವವರಿಗಾಗಿ ಬರೆದಿಡುತ್ತಿದ್ದೇನೆ; ಬಾಜಿ ಕಟ್ಟುವವರಿಗೆ ಇದರಲ್ಲಿ ಏನೂ ಸಿಗದು.

ಕುದುರೆಯನ್ನು ಮೊದಲು ನೋಡಿದ್ದು ಕಾಗದದಲ್ಲಿ. ರೇಸಿಗೆ ಓಡುವ ಥರೋಬ್ರೆಡ್ ತಳಿಯ ಯಾವ ಕುದುರೆಯ ಗಂಡು ಸಾಲನ್ನು ಹಿಡಿದು ಹಿಂದಕ್ಕೆ ಹೋದರೂ ಅದು ಡಾರ್ಲಿ ಅರೇಬಿಯನ್, ಗಾಡಾಲ್ಫಿನ್ ಅರೇಬಿಯನ್, ಬಯರ್ಲಿ ಟರ್ಕ್ ಎಂಬ ಮೂರು ಗಂಡು ಕುದುರೆಗಳಲ್ಲಿ ಒಂದರ ಬಳಿ ನಿಲ್ಲುತ್ತದೆ. ಹಾಗಾಗಿ ಬರೀ ದೊಡ್ಡ ವಂಶ ಎಂಬ ಮಾತಿಗೆ ಇಲ್ಲಿ ಬೆಲೆಯಿಲ್ಲ, ಹತ್ತಿರದ ಎರಡು ತಲೆಮಾರು ಏನು ಮಾಡಿವೆ ಎಂಬುದಷ್ಟೇ ಮುಖ್ಯ. ಮಾರಾಟದ ಪುಟದಲ್ಲಿ ಅಪ್ಪನ ಹೆಸರು ಎದ್ದು ಕಾಣುತ್ತದೆ, ಬೆಲೆಯೂ ಬಹುಮಟ್ಟಿಗೆ ಅದನ್ನೇ ಹಿಡಿದು ಏರುತ್ತದೆ. ಆದರೆ ಅಪ್ಪನಿಗೆ ವರ್ಷಕ್ಕೆ ಹತ್ತಾರು ಮರಿಗಳು. ತಾಯಿಗೆ ಹನ್ನೊಂದು ತಿಂಗಳ ಗರ್ಭದ ಕೊನೆಗೆ ಒಂದೇ ಮರಿ. ಅದೇ ತಾಯಿಯ ಹಿಂದಿನ ಮರಿಗಳ ಓಟವನ್ನು ನೋಡುವುದು ಹೆಚ್ಚು ಉಪಯುಕ್ತ ಎಂದು ನನಗೆ ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ. ನಮ್ಮ ಫಿಲ್ಲಿಗಿಂತ ಮೊದಲು ಹುಟ್ಟಿದ ಮೂರರಲ್ಲಿ ಎರಡು ಗೆದ್ದಿದ್ದವು, ಎರಡೂ 1400 ಮೀಟರ್ ಓಟದಲ್ಲಿ. ಆ ಸಾಲಿನ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದಿದ್ದೆ. ಆಮೇಲೆ ಒಂದು ವರ್ಷ ಅದನ್ನು ಪೂರ್ತಿಯಾಗಿ ಮರೆತೂಬಿಟ್ಟೆ.

ಬೆಲೆ ಆರು ಲಕ್ಷ ರೂಪಾಯಿ. ಇಷ್ಟು ಕಡಿಮೆಗೆ ಸಿಕ್ಕಿದ್ದಕ್ಕೆ ಒಂದು ಕಾರಣ ಅದು ಏಪ್ರಿಲ್ ಕೊನೆಯಲ್ಲಿ ಹುಟ್ಟಿದ್ದು. ನಮ್ಮ ದೇಶದಲ್ಲಿ ರೇಸ್ ಕುದುರೆಗಳೆಲ್ಲಕ್ಕೂ ಜನವರಿ 1ರಂದು ಒಟ್ಟಿಗೆ ವಯಸ್ಸು ಏರುತ್ತದೆ. ಜನವರಿಯಲ್ಲಿ ಹುಟ್ಟಿದ ಮರಿಯೂ ಏಪ್ರಿಲ್‌ನಲ್ಲಿ ಹುಟ್ಟಿದ ಮರಿಯೂ ದಾಖಲೆಯಲ್ಲಿ ಓರಗೆಯವು. ಎಲುಬಿನಲ್ಲಿ ಮಾತ್ರ ಮೂರು ನಾಲ್ಕು ತಿಂಗಳ ಅಂತರ. ಮನುಷ್ಯರಿಗೆ ಏನೂ ಅಲ್ಲದ ಈ ಅಂತರ ಎರಡು ವರ್ಷದ ಕುದುರೆಯ ವಿಷಯದಲ್ಲಿ ಎಷ್ಟು ದೊಡ್ಡದು ಎಂಬುದನ್ನು ಮುಂದೆ ಬಿಲ್ಲುಗಳ ಮೂಲಕ ಕಲಿತೆವು.

ಪುಣೆಯ ಹತ್ತಿರ ಕುದುರೆ ಮರಿ ಬೆಳೆಸುವ ಸ್ಟಡ್ ಫಾರ್ಮಿಗೆ ನೋಡಲು ಹೋದ ದಿನ ನಮ್ಮ ಟ್ರೈನರ್ ಕೂಡ ಬಂದಿದ್ದರು. ಮರಿಯನ್ನು ಗಟ್ಟಿ ನೆಲದ ಮೇಲೆ ನಮ್ಮ ಕಡೆಗೆ ನೇರವಾಗಿ ನಡೆಸಿ, ತಿರುಗಿಸಿ ದೂರಕ್ಕೆ ನಡೆಸಿ, ಕೊನೆಗೆ ಅಡ್ಡಲಾಗಿ ನಡೆಸಿದರು. ನಾನು ಹೊಳೆಯುವ ಮೈಬಣ್ಣ, ಹಣೆಯ ಬಿಳಿ ಚುಕ್ಕೆ ನೋಡುತ್ತ ನಿಂತಿದ್ದೆ. ಟ್ರೈನರ್ ಮುಖದ ಕಡೆಗೆ ಕಣ್ಣೆತ್ತಲೇ ಇಲ್ಲ. ಹಿಂಗಾಲ ಗೊರಸು ಮುಂಗಾಲಿನ ಹೆಜ್ಜೆಗುರುತನ್ನು ದಾಟಿ ಬೀಳುತ್ತದೆಯೇ, ಭುಜದ ಇಳಿಜಾರು ಎಷ್ಟು, ಎದೆಯ ಆಳ ಎಷ್ಟು, ಮುಂಗಾಲ ಮಂಡಿ ಹಿಂದಕ್ಕೆ ಬಾಗಿದೆಯೇ ಎಂದಷ್ಟೇ ನೋಡಿದರು. ಎಡ ಮುಂಗಾಲು ಕೊಂಚ ಹೊರಕ್ಕೆ ತಿರುಗಿತ್ತು. "ಮಂಡಿ ಹಿಂದಕ್ಕೆ ಬಾಗಿದ್ದರೆ ಬೇಡ ಅಂತಿದ್ದೆ ಸಾರ್. ಇಷ್ಟು ಹೊರಕ್ಕಿದ್ದರೆ ಲಾಳ ಕಟ್ಟುವವನು ನೋಡಿಕೊಳ್ಳುತ್ತಾನೆ" ಎಂದರು. ಆಮೇಲೆ ಪಶುವೈದ್ಯರ ಪರೀಕ್ಷೆ. ಕಣ್ಣು ಮತ್ತು ಹೃದಯ, ನಾಲ್ಕೂ ಕಾಲುಗಳ ಎಕ್ಸ್‌ರೇ, ಮೂಗಿನ ಮೂಲಕ ಎಂಡೋಸ್ಕೋಪ್ ಇಳಿಸಿ ಗಂಟಲು. ಗಂಟಲ ಒಂದು ಬದಿ ಸರಿಯಾಗಿ ತೆರೆದುಕೊಳ್ಳದಿದ್ದರೆ ಕುದುರೆ ಓಡುವಾಗ ಗೊರಗೊರ ಸದ್ದು ಮಾಡುತ್ತದೆ, ಉಸಿರು ಸಾಲದೆ ಕೊನೆಯಲ್ಲಿ ನಿಂತುಹೋಗುತ್ತದೆ. ಹೊರಗಿನಿಂದ ನೋಡಿದರೆ ಇದು ಗೊತ್ತೇ ಆಗುವುದಿಲ್ಲ. ಇದಕ್ಕೆಲ್ಲ 22 ಸಾವಿರ ಆಯಿತು. ಮಾರುವವರ ಬಳಿ ವೈದ್ಯರ ವರದಿ ಇದೆ ಎಂದು ಈ ಖರ್ಚನ್ನು ಯಾರೂ ಉಳಿಸಬಾರದು. ನಮ್ಮ ಪರವಾಗಿ ನೋಡುವ ಕಣ್ಣು ಒಂದಾದರೂ ಇರಬೇಕು.

ಕಾಗದಪತ್ರಗಳ ವಿಷಯದಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ ಎಂಬುದು ನನಗೆ ತಿಳಿದಿರಲಿಲ್ಲ. ಕುದುರೆಯ ಕಾಗದ ಒಂದು, ಒಡೆಯರ ಕಾಗದ ಇನ್ನೊಂದು. ಕುದುರೆಯದು ಸುಲಭ: ಹುಟ್ಟಿದಾಗಲೇ ಪುಣೆಯಲ್ಲಿರುವ ಸ್ಟಡ್ ಬುಕ್ ಅಥಾರಿಟಿ ಆಫ್ ಇಂಡಿಯಾದಲ್ಲಿ ನೋಂದಣಿಯಾಗಿ, ಡಿಎನ್‌ಎ ಮೂಲಕ ತಂದೆತಾಯಿ ಖಚಿತವಾಗಿ, ಕುತ್ತಿಗೆಯಲ್ಲಿ ಮೈಕ್ರೋಚಿಪ್ ಸೇರಿ, ಮೈಮೇಲಿನ ಗುರುತು ಸುಳಿಗಳನ್ನೆಲ್ಲ ಚಿತ್ರ ಬರೆದು ತೋರಿಸಿದ ಪಾಸ್‌ಪೋರ್ಟ್ ಬಂದಿರುತ್ತದೆ. ಸುಳಿ ನೋಡಿ ಕುದುರೆ ಕೊಳ್ಳುತ್ತಿದ್ದ ನಮ್ಮ ಅಜ್ಜಂದಿರಿಗೆ ಈ ಪುಟ ಬಹಳ ಹಿಡಿಸುತ್ತಿತ್ತು. ವ್ಯತ್ಯಾಸವೆಂದರೆ ಇಲ್ಲಿ ಸುಳಿ ಅದೃಷ್ಟಕ್ಕಲ್ಲ, ಗುರುತಿಗೆ. ಒಡೆಯರ ನೋಂದಣಿಯಲ್ಲಿ ಮಾತ್ರ ಏಳು ವಾರ ಹೋಯಿತು, ಮತ್ತು ತಪ್ಪು ಪೂರ್ತಿ ನನ್ನದೇ. ಬ್ಯಾಂಕಿನಲ್ಲಿ ಮೂವತ್ತು ವರ್ಷ ಬೇರೆಯವರ ಸಹಿ ತಾಳೆ ನೋಡಿದ ನಾನು, ಅರ್ಜಿಯಲ್ಲಿ ಇಂಗ್ಲಿಷಿನಲ್ಲಿ ಸಹಿ ಹಾಕಿದ್ದೆ. ಪ್ಯಾನ್ ಕಾರ್ಡಿನಲ್ಲಿದ್ದದ್ದು ಕನ್ನಡದ ಸಹಿ. ಅರ್ಜಿ ಹಿಂದೆ ಬಂತು. ನಾಲ್ವರ ಆದಾಯ ತೆರಿಗೆ ವಿವರ, ಫೋಟೋ, ವಿಳಾಸದ ದಾಖಲೆ, ಪಾಲುದಾರಿಕೆ ಪತ್ರ ಇಷ್ಟನ್ನೂ ಕುದುರೆ ಕೊಳ್ಳುವ ಮೊದಲೇ ಸಿದ್ಧ ಮಾಡಿಕೊಳ್ಳುವುದು ಒಳ್ಳೆಯದು. ಹೆಸರಿಡುವಾಗಲೂ ಒಂದು ತೊಡಕು. ರೇಸ್ ಕುದುರೆಯ ಹೆಸರು, ನಡುವಿನ ಖಾಲಿ ಜಾಗವೂ ಸೇರಿ, ಇಂಗ್ಲಿಷಿನ 18 ಅಕ್ಷರ ಮೀರುವಂತಿಲ್ಲ. ನಾವು ಆರಿಸಿದ್ದ ಮೂರು ಕನ್ನಡ ಹೆಸರುಗಳಲ್ಲಿ ಎರಡು ಅಲ್ಲಿಯೇ ಬಿದ್ದವು. ಲಾಯದಲ್ಲಿ ಎಲ್ಲರೂ ಕರೆಯುವುದು ಪುಟ್ಟಿ ಎಂದೇ. ಇಲ್ಲಿಯೂ ಹಾಗೆಯೇ ಕರೆಯುತ್ತೇನೆ.

ಪುಟ್ಟಿ ಬೆಂಗಳೂರಿಗೆ ಲಾರಿಯಲ್ಲಿ ಬಂದು ಇಳಿದ ಮೂರನೆಯ ದಿನ ಜ್ವರ, ಕೆಮ್ಮು. ದೂರ ಪ್ರಯಾಣ ಮಾಡಿದ ಎಳೆಯ ಕುದುರೆಗಳಿಗೆ ಇದು ಸಾಮಾನ್ಯವಂತೆ. ಎರಡು ವಾರ ಲಾಯದಲ್ಲೇ ಕಟ್ಟಿದ್ದಾಯಿತು. ಆಮೇಲೆ ಉದ್ದ ಹಗ್ಗದಲ್ಲಿ ಸುತ್ತು ತಿರುಗಿಸುವುದು, ಬಾಯಿಗೆ ಕಡಿವಾಣ, ಬೆನ್ನಿಗೆ ಜೀನು, ಕೊನೆಗೆ ಸವಾರ. ಇದೆಲ್ಲ ಏಪ್ರಿಲ್ ಮುಗಿಯುವುದರೊಳಗೆ ಸಲೀಸಾಗಿ ನಡೆಯಿತು. ಓಟ್ಸ್, ತೌಡು, ಬೇಯಿಸಿದ ಹುರುಳಿ, ಕುದುರೆ ಮೆಂತ್ಯದ ಸೊಪ್ಪು, ಕುದುರೆ ನೋಡಿಕೊಳ್ಳುವ ಸೈಸ್, ಸವಾರಿ ಹುಡುಗ, ಟ್ರೈನರ್ ಶುಲ್ಕ ಎಲ್ಲ ಸೇರಿ ತಿಂಗಳಿಗೆ 42 ಸಾವಿರ. ಲಾಳ, ಔಷಧ, ವೈದ್ಯರದು ಬೇರೆ. ಕುದುರೆ ಓಡಲಿ, ನಿಂತಿರಲಿ, ಈ ಬಿಲ್ಲು ನಿಲ್ಲುವುದಿಲ್ಲ.

ಜೂನ್‌ನಲ್ಲಿ ಮತ್ತೆ ಮಂಡಿಯ ಎಕ್ಸ್‌ರೇ ತೆಗೆಸಿದರು. ಮೂಳೆ ಬೆಳೆಯುವ ತುದಿಯಲ್ಲಿ ಒಂದು ಕಪ್ಪು ಗೆರೆ ಸ್ಪಷ್ಟವಾಗಿ ಕಾಣುತ್ತಿತ್ತು. ಮಂಡಿ ಇನ್ನೂ ಕೂಡಿಲ್ಲ, ಈ ಸ್ಥಿತಿಯಲ್ಲಿ ವೇಗದ ಕೆಲಸ ಕೊಟ್ಟರೆ ಆಯುಷ್ಯವಿಡೀ ಕುಂಟುವ ಕುದುರೆಯಾಗುತ್ತದೆ, ಮೂರು ತಿಂಗಳು ನಡಿಗೆ ಮತ್ತು ದುಡುಕಿ ಎಂಬ ನಿಧಾನದ ಓಟವಷ್ಟೇ ಎಂದು ವೈದ್ಯರು ಹೇಳಿದರು. ಪಾಲುದಾರರಲ್ಲಿ ಮೊದಲ ಜಗಳವಾದದ್ದು ಅಂದೇ. ನಮ್ಮದೇ ವಯಸ್ಸಿನದೆಂದು ದಾಖಲೆಯಲ್ಲಿದ್ದ ಪಕ್ಕದ ಲಾಯದ ಮರಿ ಆಗಲೇ ಮರಳಿನ ಮೇಲೆ ಓಡುತ್ತಿತ್ತು. ಅದು ಜನವರಿಯಲ್ಲಿ ಹುಟ್ಟಿದ್ದು ಎಂದು ಒಬ್ಬರಿಗೊಬ್ಬರು ನೆನಪಿಸಿಕೊಳ್ಳಬೇಕಾಯಿತು. ಕಾಯಲು ಒಪ್ಪಿದೆವು, ಆದರೆ ಸಂತೋಷದಿಂದಲ್ಲ. ಮೂರು ತಿಂಗಳೆಂದರೆ ಒಂದು ಲಕ್ಷದ ಇಪ್ಪತ್ತಾರು ಸಾವಿರ. ಈಗ ಹಿಂದಿರುಗಿ ನೋಡಿದರೆ ಈ ಹದಿನೆಂಟು ತಿಂಗಳಲ್ಲಿ ನಾವು ಸರಿಯಾಗಿ ತೆಗೆದುಕೊಂಡ ನಿರ್ಧಾರವೆಂದರೆ ಅದೊಂದೇ.

ಸೆಪ್ಟೆಂಬರ್ ಕೊನೆಯಲ್ಲಿ ಮಂಡಿ ಕೂಡಿತು ಎಂಬ ವರದಿ ಬಂತು. ಅಕ್ಟೋಬರಿನಲ್ಲಿ ವೇಗದ ಕೆಲಸ ಆರಂಭವಾದ ಕೂಡಲೇ ಪುಟ್ಟಿ ತಲೆ ಕೊಡವಲು ತೊಡಗಿದಳು, ಲಗಾಮು ಎಳೆದರೆ ಒಂದು ಬದಿಗೆ ವಾಲುತ್ತಿದ್ದಳು, ಮೇವನ್ನು ಅರ್ಧ ಬಿಡುತ್ತಿದ್ದಳು. ಸ್ವಭಾವ ಕೆಟ್ಟಿದೆ ಎಂದು ನಾನು ಗಾಬರಿಯಾದೆ. ಕಾರಣ ಹಲ್ಲು. ಎರಡೂವರೆ ವರ್ಷದ ಸುಮಾರಿಗೆ ಕುದುರೆಗೆ ಮುಂದಿನ ಹಾಲುಹಲ್ಲುಗಳು ಬಿದ್ದು ಮೊದಲ ಜೋಡಿ ಕಾಯಂ ಹಲ್ಲು ಬರುತ್ತದೆ. ಅದೇ ಹೊತ್ತಿಗೆ ದವಡೆಯ ಹಲ್ಲುಗಳೂ ಬದಲಾಗತೊಡಗುತ್ತವೆ. ಉದುರಬೇಕಾದ ಹಲ್ಲಿನ ಚೂರೊಂದು ಒಸಡಿಗೆ ಸಿಕ್ಕಿಕೊಂಡಿತ್ತು. ತೆಗೆಸಿದ ಮರುದಿನ ಮೇವಿನ ತೊಟ್ಟಿ ಖಾಲಿ. ಎಳೆಯ ಕುದುರೆ ಹಠ ಮಾಡಿದರೆ ಮೊದಲು ಬಾಯಿ ತೆರೆಸಿ ನೋಡಿ. ನವೆಂಬರಿನಲ್ಲಿ ಎಡ ಮುಂಗಾಲಿನ ಮುಂಭಾಗ ಊದಿ, ಮುಟ್ಟಿದರೆ ಕಾಲೆಳೆಯತೊಡಗಿದಳು. ಇದಕ್ಕೆ ಶಿನ್ ನೋವು ಎನ್ನುತ್ತಾರೆ, ಮೊದಲ ಸಲ ವೇಗಕ್ಕೆ ಒಡ್ಡಿದ ಎಲುಬು ಗಟ್ಟಿಯಾಗುವ ಮೊದಲು ಕೊಡುವ ದೂರು. ತಣ್ಣೀರು, ಐಸು, ಇಪ್ಪತ್ತೈದು ದಿನ ನಡಿಗೆ. ಮತ್ತೆ ಅಷ್ಟು ದಿನ ಹೋಯಿತು.

ಇನ್ನು ಗಡಿಯಾರದ ವಿಷಯ. ನಾನು ಅತಿ ಹೆಚ್ಚು ಎಡವಿದ್ದು ಇಲ್ಲಿಯೇ. ಬೆಳಗಿನ ತಾಲೀಮಿನ ಸಮಯಗಳು ಪತ್ರಿಕೆಯಲ್ಲಿ ಬರುತ್ತವೆ: ಔಟರ್ ಸ್ಯಾಂಡ್, ಇನ್ನರ್ ಸ್ಯಾಂಡ್ ಎಂದು ಓಡಿದ ಮರಳಿನ ಹಾದಿ, 600 ಮೀಟರಿಗೆ ಇಷ್ಟು, 1000 ಮೀಟರಿಗೆ ಇಷ್ಟು, ಕೊನೆಯಲ್ಲಿ 'ಮೂವ್ಡ್ ಫ್ರೀಲಿ', 'ಪ್ಲೀಸ್ಡ್' ಎಂಬಂಥ ಒಂದೆರಡು ಪದ. ಒಂದು ನೋಟುಪುಸ್ತಕ ಇಟ್ಟುಕೊಂಡು ಪುಟ್ಟಿಯ 44 ಸೆಕೆಂಡನ್ನು ಬೇರೆ ಮರಿಗಳ 41ರ ಜೊತೆ ಹೋಲಿಸಿ ಕೊರಗಿದ್ದೇನೆ. ಡಿಸೆಂಬರಿನ ಒಂದು ಬೆಳಿಗ್ಗೆ ಅವಳು ಇನ್ನೊಂದು ಕುದುರೆಯ ಪಕ್ಕದಲ್ಲಿ 600 ಮೀಟರನ್ನು 41 ಸೆಕೆಂಡಿಗೆ ಮುಗಿಸಿ ಮುಂದೆ ಬಂದಾಗ ಮುಗಿಲು ಮುಟ್ಟಿದ್ದೇನೆ. ಅಂದು ಸಂಜೆ ನಮ್ಮ ನಾಲ್ವರ ವಾಟ್ಸ್ಆಪ್ ಗುಂಪಿನಲ್ಲಿ ದೊಡ್ಡ ಓಟವಾದ ಡರ್ಬಿಯ ಮಾತು ಬಂತು. 1943ರಲ್ಲಿ ನಡೆದ ಮೊದಲ ಇಂಡಿಯನ್ ಡರ್ಬಿಯನ್ನು ಗೆದ್ದದ್ದು ಪ್ರಿನ್ಸೆಸ್ ಬ್ಯೂಟಿಫುಲ್ ಎಂಬ ಫಿಲ್ಲಿಯೇ ಎಂದು ಒಬ್ಬರು ಹುಡುಕಿ ಹಾಕಿದರು. ಮುಂಬೈಯ ಮಹಾಲಕ್ಷ್ಮಿ ರೇಸ್ ಕೋರ್ಸಿನಲ್ಲಿ ನಡೆಯುವ ಆ ಓಟ 2400 ಮೀಟರಿನದು. ನಮ್ಮ ಮರಿ ಅದರ ಕಾಲು ಭಾಗವನ್ನು ಒಂದೇ ಒಂದು ಸಲ ಜೋರಾಗಿ ಓಡಿತ್ತು.

ಮರುದಿನ ಟ್ರೈನರ್ ಶಾಂತವಾಗಿ ನಾಲ್ಕು ಪ್ರಶ್ನೆ ಕೇಳಿದರು. ಪಕ್ಕದಲ್ಲಿ ಓಡಿದ ಕುದುರೆ ಯಾವುದು? ಆರು ವರ್ಷದ್ದು, ಕೆಳಗಿನ ದರ್ಜೆಯದು. ಅದರ ಮೇಲೆ ಕೂತವನ ತೂಕ ಎಷ್ಟು? ಸವಾರಿ ಹುಡುಗ, ಅರವತ್ತು ಕೆಜಿಗಿಂತ ಮೇಲೆ. ಪುಟ್ಟಿಯ ಮೇಲಿದ್ದವನು ಜಾಕಿ, ಐವತ್ತೆರಡು. ಆ ಸವಾರಿ ಹುಡುಗ ಲಗಾಮು ಹಿಡಿದಿದ್ದನೋ ಬಿಟ್ಟಿದ್ದನೋ? ಹಿಡಿದಿದ್ದ. ಒಳಗಿನ ಬೇಲಿಯ ಬದಿಯಲ್ಲಿ ಓಡಿದವರು ಯಾರು? ನಮ್ಮವಳೇ. ನಾಲ್ಕು ಉತ್ತರಗಳ ಕೊನೆಗೆ 41 ಸೆಕೆಂಡಿನಲ್ಲಿ ಉಳಿದದ್ದು ಬಹಳ ಸ್ವಲ್ಪ. ಅಂದಿನಿಂದ ನೋಟುಪುಸ್ತಕದಲ್ಲಿ ಸಮಯದ ಪಕ್ಕದಲ್ಲಿ ಇನ್ನೂ ಮೂರು ಕಲಂ ಹಾಕಿದೆ: ಯಾರ ಜೊತೆ, ಯಾರು ಸವಾರ, ಮುಗಿಸಿದ ಮೇಲೆ ಎಷ್ಟು ಹೊತ್ತಿಗೆ ಉಸಿರು ತಹಬಂದಿಗೆ ಬಂತು. ಮೂರನೆಯದನ್ನು ಪತ್ರಿಕೆ ಹಾಕುವುದಿಲ್ಲ. ಅದಕ್ಕೆ ಬೆಳಿಗ್ಗೆ ಐದೂವರೆಗೆ ಎದ್ದು ಅಲ್ಲೇ ನಿಂತಿರಬೇಕು.

ಓಟಕ್ಕೆ ಮೊದಲು ಸ್ಟಾರ್ಟಿಂಗ್ ಗೇಟಿನಲ್ಲಿ ಸರಿಯಾಗಿ ನಿಂತು ಹೊರಡುತ್ತದೆ ಎಂದು ಓಟ ಹೊರಡಿಸುವ ಅಧಿಕಾರಿಯಾದ ಸ್ಟಾರ್ಟರ್ ಒಪ್ಪಬೇಕು. ಪುಟ್ಟಿ ಎರಡು ಸಲ ಒಳಗೆ ಹೋಗಲೇ ಒಪ್ಪಲಿಲ್ಲ. ಮೂರನೆಯ ಸಲ ಸೈಸ್ ಭಾಯ್ ಹಿಂದಿನ ವಾರವಿಡೀ ಅವಳನ್ನು ದಿನವೂ ಖಾಲಿ ಗೇಟಿನೊಳಗೆ ನಿಲ್ಲಿಸಿ ಸೊಪ್ಪು ತಿನ್ನಿಸಿದ್ದರಿಂದ ದಾಟಿದಳು.

ಮೊದಲ ಓಟ ಈ ವರ್ಷದ ಫೆಬ್ರವರಿಯಲ್ಲಿ, ಗೆಲುವು ಕಾಣದ ಮೂರು ವರ್ಷದ ಕುದುರೆಗಳಿಗಾಗಿ, 1100 ಮೀಟರ್. ದಾಖಲೆಗೆ ಮೂರು ವರ್ಷ, ನಿಜಕ್ಕೆ ಎರಡು ವರ್ಷ ಹತ್ತು ತಿಂಗಳು. ಹತ್ತು ಕುದುರೆಗಳಲ್ಲಿ ಏಳನೆಯವಳಾಗಿ ಬಂದಳು, ಗೆದ್ದ ಕುದುರೆಗಿಂತ ಒಂಬತ್ತು ಲೆಂತ್ ಹಿಂದೆ. ಲೆಂತ್ ಎಂದರೆ ಕುದುರೆಯ ಒಂದು ಉದ್ದ, ಸುಮಾರು 2.4 ಮೀಟರ್. ಮನೆಗೆ ಬರುವವರೆಗೆ ಕಾರಿನಲ್ಲಿ ಯಾರೂ ಮಾತಾಡಲಿಲ್ಲ. ಓಟದ ವಿಡಿಯೋವನ್ನು ಮೂರು ದಿನ ಬಿಟ್ಟು ನೋಡಿದಾಗ ಬೇರೆಯದೇ ಕಂಡಿತು: ಗೇಟಿನಿಂದ ತಡವಾಗಿ ಹೊರಟು ಐದಾರು ಲೆಂತ್ ಅಲ್ಲಿಯೇ ಕಳೆದುಕೊಂಡಿದ್ದಳು, ತಿರುವಿನಲ್ಲಿ ಎಲ್ಲರಿಗಿಂತ ಹೊರಗಿದ್ದಳು, ಆದರೂ ಕೊನೆಯ 200 ಮೀಟರಿನಲ್ಲಿ ಮೂರು ಕುದುರೆಗಳನ್ನು ದಾಟಿದ್ದಳು, ಜಾಕಿ ಒಮ್ಮೆಯೂ ಚಾಟಿ ಎತ್ತಿರಲಿಲ್ಲ. ಸ್ಥಾನವನ್ನು ಓದುವುದು ಬೇರೆ, ಓಟವನ್ನು ಓದುವುದು ಬೇರೆ. ಮಾರ್ಚಿನಲ್ಲಿ 1200 ಮೀಟರ್, ಐದನೆಯ ಸ್ಥಾನ, ಐದು ಲೆಂತ್ ಹಿಂದೆ. ಮತ್ತೆ ಕೊನೆಯಲ್ಲೇ ಓಟ. ಆಗ ಪೆನ್ಸಿಲಿನ ಗೆರೆ ನೆನಪಾಯಿತು. ಹಳೆಯ ಪುಟ ತೆಗೆದು ಟ್ರೈನರ್‌ಗೆ ತೋರಿಸಿದೆ. "ನನಗೂ ಅದೇ ಲೆಕ್ಕ ಸಾರ್, ಆದರೆ ಶಿನ್ ನೋವಾದ ಮರಿಯನ್ನು ಮೊದಲೇ ಅಷ್ಟು ದೂರಕ್ಕೆ ಹಾಕಬಾರದು ಅಂತ ಸುಮ್ಮನಿದ್ದೆ" ಎಂದರು. ಮೇ ತಿಂಗಳಲ್ಲಿ 1400 ಮೀಟರ್. ಮುಕ್ಕಾಲು ಲೆಂತ್ ಅಂತರದಲ್ಲಿ ಎರಡನೆಯವಳು. ಅಂದು ನಾನು ಕೂಗಿದ ಕೂಗಿಗೆ ಎರಡು ದಿನ ಗಂಟಲು ಕಟ್ಟಿತ್ತು.

ಈ ಓಟದ ಬೆಲೆ ಎಷ್ಟು ಎಂದು ಕೂತು ಲೆಕ್ಕ ಹಾಕಿದೆ. ಹ್ಯಾಂಡಿಕ್ಯಾಪಿನಲ್ಲಿ, ಅಂದರೆ ಸಾಮರ್ಥ್ಯಕ್ಕೆ ರೇಟಿಂಗ್ ಅಂಕ ಕೊಟ್ಟು ಹೆಚ್ಚು ಅಂಕದ ಕುದುರೆಗೆ ಹೆಚ್ಚು ತೂಕ ಹೊರಿಸುವ ಓಟದಲ್ಲಿ, ಒಂದು ಅಂಕ ಅರ್ಧ ಕೆಜಿಗೆ ಸಮ. ಲೆಂತ್ ಎಂದರೆ ಕುದುರೆಯ ಒಂದು ಉದ್ದ, ಸುಮಾರು 2.4 ಮೀಟರ್. 1400 ಮೀಟರಿನಲ್ಲಿ ಒಂದು ಲೆಂತನ್ನು ಅಂದಾಜು 1.2 ಕೆಜಿ ಎಂದಿಟ್ಟುಕೊಂಡರೆ ಮುಕ್ಕಾಲು ಲೆಂತ್ ಎಂದರೆ ಎರಡು ಅಂಕದ ಹತ್ತಿರ. ಆದರೆ ಗೆದ್ದ ಗಂಡು ಕುದುರೆ ಹೊತ್ತದ್ದು 56 ಕೆಜಿ, ಫಿಲ್ಲಿಗೆ 1.5 ಕೆಜಿ ರಿಯಾಯಿತಿ ಇರುವುದರಿಂದ ಪುಟ್ಟಿ ಹೊತ್ತದ್ದು 54.5, ಅದಕ್ಕೆ ಇನ್ನು ಮೂರು ಅಂಕ ಕಳೆಯಬೇಕು. ಗೆದ್ದದ್ದು 45ರ ಕುದುರೆ ಎಂದು ನನ್ನ ಎಣಿಕೆ, ಆದ್ದರಿಂದ ನಮ್ಮವಳು 40. ಈ ಅಂಕ ಕೊಡುವ ಅಧಿಕಾರಿ, ಅಂದರೆ ಹ್ಯಾಂಡಿಕ್ಯಾಪರ್, ಗೆದ್ದದ್ದಕ್ಕೆ 42, ನಮ್ಮವಳಿಗೆ 36 ಕೊಟ್ಟರು. ಅವರು ಜಿಪುಣರೆಂದುಕೊಂಡೆ. ಆಮೇಲಿನ ಆರು ವಾರಗಳಲ್ಲಿ ಗೆದ್ದ ಕುದುರೆ ಮುಂದಿನ ಓಟದಲ್ಲಿ ಆರನೆಯದಾಯಿತು; ನಾಲ್ಕನೆಯದಾಗಿ ಬಂದಿದ್ದದ್ದು ಮಾತ್ರ ಗೆದ್ದಿತು. ಒಂದು ಓಟದ ತೂಕವನ್ನು ಅದರಲ್ಲಿದ್ದ ಕುದುರೆಗಳು ಮುಂದೆ ಏನು ಮಾಡುತ್ತವೆ ಎಂಬುದರಿಂದಲೇ ಅಳೆಯಬೇಕು, ಹಾಗೆ ಅಳೆದರೆ 36 ನ್ಯಾಯವೇ.

ಜೂನ್ ಕೊನೆಯ ನಾಲ್ಕನೆಯ ಓಟದಲ್ಲಿ ನಮ್ಮ ಲೆಕ್ಕವೆಲ್ಲ ತಲೆಕೆಳಗಾಯಿತು. ಮಳೆ ಬಂದು ನೆಲ ಮೆತ್ತಗಾಗಿತ್ತು, ಅದೇ 1400 ಮೀಟರಿನಲ್ಲಿ ಎಂಟನೆಯವಳು. ಎಂಡೋಸ್ಕೋಪ್ ಇಳಿಸಿ ನೋಡಿದಾಗ ಶ್ವಾಸನಾಳದಲ್ಲಿ ರಕ್ತದ ಗುರುತು ಸ್ವಲ್ಪ ಇತ್ತು. ಜೋರಾಗಿ ಓಡುವ ಕುದುರೆಗಳ ಶ್ವಾಸಕೋಶದಲ್ಲಿ ಹೀಗಾಗುವುದುಂಟು. ಮೂಗಿನಿಂದ ಹೊರಗೆ ಹರಿಯದಿದ್ದರೆ ಅಷ್ಟು ಭಯವಿಲ್ಲ ಎಂದರು. ಸೋತದ್ದು ಮೆತ್ತನೆಯ ನೆಲದಿಂದಲೋ, ಶ್ವಾಸಕೋಶದಿಂದಲೋ ಬಿಡಿಸಿ ಹೇಳಲಾಗಲಿಲ್ಲ. ನಾಲ್ಕು ವಾರ ವಿಶ್ರಾಂತಿ ಕೊಟ್ಟು, ಜೋರಾದ ಕೆಲಸವೊಂದನ್ನು ಮಾಡಿಸಿ, ಕಳೆದ ವಾರ ಮತ್ತೆ ನೋಡಿದರು. ಗುರುತಿಲ್ಲ.

ನಮ್ಮ ತೀರ್ಮಾನ ಹೀಗಿದೆ. ಇವಳು ಡರ್ಬಿಯ ಕುದುರೆ ಅಲ್ಲ, ಆಗುವುದೂ ಇಲ್ಲ. ಗಟ್ಟಿ ನೆಲದ ಮೇಲೆ 1400 ಮೀಟರ್ ಓಡಬಲ್ಲ, ಬಹುಶಃ 1600ಕ್ಕೂ ಏರಬಲ್ಲ, 20ರಿಂದ 45 ಅಂಕದ ದರ್ಜೆಯಲ್ಲಿ ಗೆಲ್ಲುವ ಅವಕಾಶವಿರುವ, ಇನ್ನೂ ಬೆಳೆಯುತ್ತಿರುವ ಫಿಲ್ಲಿ. ಕೊಂಡ ಬೆಲೆ ಆರು ಲಕ್ಷ, ಇಲ್ಲಿಯವರೆಗಿನ ತಿಂಗಳ ಬಿಲ್ಲುಗಳು ಏಳೂವರೆ ಲಕ್ಷ ದಾಟಿವೆ, ವೈದ್ಯರದು ಬೇರೆ. ಬಂದ ಬಹುಮಾನ ಎರಡೂವರೆ ತಿಂಗಳ ಬಿಲ್ಲಿಗೆ ಸಮ. ಇಷ್ಟು ತಿಳಿದ ಮೇಲೆ ಗೆಳೆಯರಲ್ಲೊಬ್ಬರು ಪಾಲು ಬಿಡುತ್ತೇನೆಂದರು, ಅವರ ಮೇಲೆ ನನಗೆ ಬೇಸರವಿಲ್ಲ. ಉಳಿದ ಮೂವರು ಮೈಸೂರಿನ ಸೀಸನ್ ಮುಗಿಯುವವರೆಗೆ ನೋಡುವುದೆಂದು ಒಪ್ಪಿದ್ದೇವೆ. ಗುರುವಾರ ಅವಳ ಲಾರಿ ಚಾಮುಂಡಿ ಬೆಟ್ಟದ ಬುಡದ ಕೋರ್ಸಿಗೆ ಹೊರಡುತ್ತದೆ. ಪಾಸ್‌ಪೋರ್ಟ್, ಲಸಿಕೆಯ ದಾಖಲೆ, ರಕ್ತ ಪರೀಕ್ಷೆಯ ವರದಿ ಚೀಲದಲ್ಲಿವೆ. ಬಿಟ್ಟ ಕಾಲು ಪಾಲನ್ನು ನಾನೇ ತೆಗೆದುಕೊಂಡಿದ್ದೇನೆ. ಹೊಸ ಅರ್ಜಿಗೆ ನಿನ್ನೆ ಸಹಿ ಹಾಕಿದೆ, ಪ್ಯಾನ್ ಕಾರ್ಡನ್ನು ಪಕ್ಕದಲ್ಲಿಟ್ಟುಕೊಂಡು, ಕನ್ನಡದಲ್ಲಿ.